ಮದರಾಸು ಸಮಯ: ಜಾಲದ ಗಡಿಯಾರ ಯಾರದು?

1980ರ ದಶಕದಲ್ಲಿ ವಿಶ್ವವಿದ್ಯಾಲಯಗಳ ಕಂಪ್ಯೂಟರ್ ವಿಭಾಗಗಳಿಗೆ ಹೊಸದೊಂದು ತಲೆನೋವು ಅಂಟಿಕೊಂಡಿತು. ಅಲ್ಲಿಯವರೆಗೆ ಇಡೀ ವಿಭಾಗಕ್ಕೆ ಒಂದೇ ದೊಡ್ಡ ಯಂತ್ರ, ಅದಕ್ಕೆ ಒಂದೇ ಗಡಿಯಾರ. ಅದು ಹತ್ತು ನಿಮಿಷ ಹಿಂದೆ ಓಡಿದರೂ ಯಾರಿಗೂ ನಷ್ಟವಿರಲಿಲ್ಲ. ಈಗ ಮೇಜಿಗೊಂದು ಯಂತ್ರ ಬಂತು, ಈಥರ್ನೆಟ್ ತಂತಿ ಅವನ್ನೆಲ್ಲ ಜೋಡಿಸಿತು, ಕಡತಗಳು ಇನ್ನೊಂದು ಕೋಣೆಯ ಸರ್ವರಿನಲ್ಲಿ ಕೂತವು. ವಿದ್ಯಾರ್ಥಿಯೊಬ್ಬ ತನ್ನ ಪ್ರೋಗ್ರಾಮಿನ ತಪ್ಪೊಂದನ್ನು ತಿದ್ದಿ, ಮತ್ತೆ ಕಂಪೈಲ್ ಮಾಡಲು ಹೇಳುತ್ತಾನೆ. ಯುನಿಕ್ಸ್‌ನ ‘ಮೇಕ್’ ಎಂಬ ಸಲಕರಣೆ ಕಡತಗಳ ಮೇಲಿನ ಸಮಯದ ಮುದ್ರೆಯನ್ನಷ್ಟೇ ನೋಡುತ್ತದೆ. ಮೂಲ ಕಡತ ಹೊಸದಾಗಿದ್ದರೆ ಕೆಲಸ ಮಾಡುತ್ತದೆ, ಹಳೆಯದಾಗಿದ್ದರೆ ಬಿಟ್ಟುಬಿಡುತ್ತದೆ. ಮುದ್ರೆ ಒತ್ತಿದ ಯಂತ್ರದ ಗಡಿಯಾರ ಅರ್ಧ ನಿಮಿಷ ಹಿಂದಿದ್ದರೆ, ಈಗಷ್ಟೇ ತಿದ್ದಿದ ಕಡತವೇ ಹಳೆಯದಾಗಿ ಕಾಣುತ್ತದೆ. ತಪ್ಪು ಹಾಗೇ ಉಳಿಯುತ್ತದೆ. ವಿದ್ಯಾರ್ಥಿ ರಾತ್ರಿಯೆಲ್ಲ ಇಲ್ಲದ ದೋಷವನ್ನು ಹುಡುಕುತ್ತ ಕೂರುತ್ತಾನೆ.

ಎರಡು ಗಡಿಯಾರಗಳು ಎಂದೂ ಒಂದೇ ಸಮಯ ತೋರಿಸುವುದಿಲ್ಲ. ಅವು ದೂರ ದೂರದಲ್ಲಿದ್ದರೆ, ಒಂದು ಸರಿಯೇ ಎಂದು ಇನ್ನೊಂದನ್ನು ಕೇಳುವುದಕ್ಕೇ ಹೊತ್ತು ಹಿಡಿಯುತ್ತದೆ. ಕೇಳುವಷ್ಟರಲ್ಲಿ ಉತ್ತರ ಹಳಸಿರುತ್ತದೆ. ಕಂಪ್ಯೂಟರ್ ವಿಜ್ಞಾನದಲ್ಲಿ ಇದಕ್ಕೆ ಗಡಿಯಾರಗಳ ಹೊಂದಾಣಿಕೆಯ ಸಮಸ್ಯೆ ಎನ್ನುತ್ತಾರೆ, ಇದರ ಮೇಲೆ ಸಾಲು ಸಾಲು ಪ್ರಬಂಧಗಳಿವೆ. ಆದರೆ ಸಮಸ್ಯೆ ಕಂಪ್ಯೂಟರಿಗಿಂತ ಬಹಳ ಹಳೆಯದು. ಭಾರತದಲ್ಲಿ ಅದರ ಜಾಡು ಹಿಡಿದು ಹೋದರೆ ಮದರಾಸಿನ ಎಗ್ಮೋರಿಗೆ, ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯೊಬ್ಬನ ಮನೆಯಂಗಳಕ್ಕೆ ಬಂದು ಮುಟ್ಟುತ್ತೇವೆ.

ಆತನ ಹೆಸರು ವಿಲಿಯಂ ಪೆಟ್ರಿ. 1786ರಲ್ಲಿ ಅವನು ಎಗ್ಮೋರಿನಲ್ಲಿ ಕಬ್ಬಿಣ ಮತ್ತು ಮರ ಸೇರಿಸಿ ಸ್ವಂತ ಖರ್ಚಿನಲ್ಲಿ ಒಂದು ವೀಕ್ಷಣಾಲಯ ಕಟ್ಟಿಸಿದ. ದೂರದರ್ಶಕಗಳ ಜೊತೆ ಅವನ ಬಳಿ ಒಳ್ಳೆಯ ಖಗೋಳ ಗಡಿಯಾರಗಳಿದ್ದವು. ಅವುಗಳಲ್ಲಿ ಲಂಡನ್ನಿನ ಜಾನ್ ಶೆಲ್ಟನ್ ಮಾಡಿದ್ದು ಮುಖ್ಯವಾದದ್ದು. ಶ್ರೀಮಂತನ ಹವ್ಯಾಸ ಎನ್ನಬಹುದು, ಆದರೆ ಕಂಪನಿಗೆ ಅದರ ಬೆಲೆ ಬೇಗ ತಿಳಿಯಿತು. ಕೋರಮಂಡಲ ಕರಾವಳಿಯಲ್ಲಿ ಹಡಗುಗಳು ಒಡೆಯುತ್ತಿದ್ದವು. ತೀರದ ಊರುಗಳು ಯಾವ ರೇಖಾಂಶದಲ್ಲಿವೆ ಎಂದು ಯಾರಿಗೂ ನಿಖರವಾಗಿ ಗೊತ್ತಿರಲಿಲ್ಲ. ಪೆಟ್ರಿ 1789ರಲ್ಲಿ ಇಂಗ್ಲೆಂಡಿಗೆ ಹೊರಟಾಗ ಸಲಕರಣೆಗಳನ್ನು ಸರ್ಕಾರಕ್ಕೆ ಒಪ್ಪಿಸಿದ. ಮೈಕೆಲ್ ಟಾಪಿಂಗ್‌ನ ಉಸ್ತುವಾರಿಯಲ್ಲಿ 1792ರಲ್ಲಿ ಕೂವಂ ನದಿಯ ಬದಿಯ ನುಂಗಂಬಾಕ್ಕಂನಲ್ಲಿ ಹೊಸ ಕಟ್ಟಡ ಎದ್ದಿತು. ವೀಕ್ಷಣಾಲಯದ ಯಂತ್ರವನ್ನು ಹೊರಲು ನಿಲ್ಲಿಸಿದ ಗ್ರಾನೈಟ್ ಕಂಬ, ತಮಿಳು, ತೆಲುಗು ಶಾಸನಗಳ ಸಮೇತ, ಇವತ್ತಿಗೂ ಅಲ್ಲಿನ ಹವಾಮಾನ ಕೇಂದ್ರದ ಆವರಣದಲ್ಲಿದೆ.

ರೇಖಾಂಶ ಎಂದರೆ ಸಮಯವೇ. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ, ಅಂದರೆ ಒಂದು ಡಿಗ್ರಿಗೆ ನಾಲ್ಕು ನಿಮಿಷ. ಮದರಾಸಿನಲ್ಲಿ ನಡುಹಗಲಾದಾಗ ಗ್ರೀನ್‌ವಿಚ್‌ನಲ್ಲಿ ಎಷ್ಟು ಗಂಟೆ ಎಂದು ತಿಳಿದರೆ ಮದರಾಸು ಎಲ್ಲಿದೆ ಎಂಬುದೂ ತಿಳಿಯಿತು. ಆದರೆ 1790ರಲ್ಲಿ ಗ್ರೀನ್‌ವಿಚ್‌ನ ಗಂಟೆ ಕೇಳುವುದು ಹೇಗೆ? ಹಡಗಿಗೆ ತಿಂಗಳುಗಟ್ಟಲೆ ಬೇಕು. ಖಗೋಳಜ್ಞರ ಉಪಾಯ ಸೊಗಸಾಗಿತ್ತು. ಗುರುಗ್ರಹದ ಉಪಗ್ರಹವೊಂದು ಗ್ರಹದ ನೆರಳಿಗೆ ಜಾರುವ ಕ್ಷಣ ಭೂಮಿಯ ಎರಡೂ ಕಡೆಯವರಿಗೆ ಒಂದೇ. ಅಲ್ಲಿಯವರು ತಮ್ಮ ಗಡಿಯಾರದ ಸಮಯ ಬರೆದಿಡಲಿ, ಇಲ್ಲಿಯವರು ತಮ್ಮದನ್ನು. ಪಟ್ಟಿಗಳನ್ನು ಆಮೇಲೆ ಹೋಲಿಸಿದರಾಯಿತು. 2002ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಲ್ಸನ್, ಗಿರೋಡ್, ಎಸ್ಟ್ರಿನ್ ಎಂಬ ಮೂವರು ಸಂಶೋಧಕರು ಪುಟ್ಟ ಸೆನ್ಸರ್ ಯಂತ್ರಗಳ ಗಡಿಯಾರ ಹೊಂದಿಸಲು ಒಂದು ವಿಧಾನ ಪ್ರಕಟಿಸಿದರು. ಒಂದು ಯಂತ್ರ ರೇಡಿಯೋದಲ್ಲಿ ಬರಿಯ ಒಂದು ಸದ್ದು ಕಳುಹಿಸುತ್ತದೆ, ಅದರಲ್ಲಿ ಸಮಯವೇ ಇರುವುದಿಲ್ಲ. ಕೇಳಿದ ಯಂತ್ರಗಳು ಅದು ತಮಗೆ ಯಾವಾಗ ಕೇಳಿಸಿತು ಎಂದು ಪರಸ್ಪರ ಹೋಲಿಸಿಕೊಳ್ಳುತ್ತವೆ. ಗುರುವಿನ ಚಂದ್ರನ ಜಾಗದಲ್ಲಿ ರೇಡಿಯೋ ಬಂದಿದೆ, ಯುಕ್ತಿ ಅದೇ.

ಯುಕ್ತಿ ಸೊಗಸಾಗಿದ್ದರೂ ಲೆಕ್ಕ ತಪ್ಪಿತು. ವೀಕ್ಷಣಾಲಯದ ಜಾನ್ ಗೋಲ್ಡಿಂಗ್‌ಹ್ಯಾಮ್ ಇಂಥ ವೀಕ್ಷಣೆಗಳಿಂದ ಮದರಾಸಿನ ರೇಖಾಂಶವನ್ನು 80 ಡಿಗ್ರಿ 18 ನಿಮಿಷ 30 ಸೆಕೆಂಡು ಎಂದು ನಿಗದಿ ಮಾಡಿದ. ಅದನ್ನು ಸಮಯಕ್ಕೆ ಬದಲಿಸಿದರೆ ಗ್ರೀನ್‌ವಿಚ್‌ಗಿಂತ 5 ಗಂಟೆ 21 ನಿಮಿಷ 14 ಸೆಕೆಂಡು ಮುಂದೆ. ಇತಿಹಾಸದಲ್ಲಿ ‘ಮದರಾಸು ಸಮಯ’ ಎಂದು ಉಳಿದುಕೊಂಡದ್ದು ಈ ಅಂಕಿ. ನಿಜವಾದ ವ್ಯತ್ಯಾಸ ಇದಕ್ಕಿಂತ ಸುಮಾರು ಹದಿನೈದು ಸೆಕೆಂಡು ಕಡಿಮೆ. ಹದಿನೈದು ಸೆಕೆಂಡು ಯಾವ ಲೆಕ್ಕ ಎನ್ನಬೇಡಿ. ಆ ಅಕ್ಷಾಂಶದಲ್ಲಿ ಅದು ಆರೂವರೆ ಕಿಲೋಮೀಟರಿಗೂ ಹೆಚ್ಚು. ಗೋಲ್ಡಿಂಗ್‌ಹ್ಯಾಮ್‌ನ ರೇಖಾಂಶವನ್ನು ಇವತ್ತಿನ ನಕ್ಷೆಯ ಮೇಲಿಟ್ಟರೆ ಅವನ ವೀಕ್ಷಣಾಲಯ ಮರೀನಾ ಕಡಲತೀರವನ್ನು ದಾಟಿ ಬಂಗಾಳ ಕೊಲ್ಲಿಯ ನೀರಿನಲ್ಲಿ ನಿಲ್ಲುತ್ತದೆ.

ಅವನನ್ನು ದಡ್ಡನೆಂದು ತಳ್ಳಿಹಾಕುವಂತಿಲ್ಲ. ಅಂಥ ವೀಕ್ಷಣೆಗಳಿಂದ ಅದಕ್ಕಿಂತ ಹೆಚ್ಚು ನಿಖರತೆ ಹಿಂಡುವುದು ಕಷ್ಟವಿತ್ತು. ಅದೇ ಗೋಲ್ಡಿಂಗ್‌ಹ್ಯಾಮ್ 1820ರ ದಶಕದ ಆರಂಭದಲ್ಲಿ ನಡೆಸಿದ ಇನ್ನೊಂದು ಪ್ರಯೋಗ ಇವತ್ತಿನ ನೆಟ್‌ವರ್ಕ್ ಎಂಜಿನಿಯರನನ್ನೂ ತಲೆದೂಗಿಸುವಂಥದ್ದು. ವೀಕ್ಷಣಾಲಯದಿಂದ ಒಂದು ಕಡೆ ನಾಲ್ಕು ಕಿಲೋಮೀಟರಿಗೆ ಸ್ವಲ್ಪ ಆಚೆ ಸೇಂಟ್ ಜಾರ್ಜ್ ಕೋಟೆ, ಇನ್ನೊಂದು ಕಡೆ ಒಂಬತ್ತು ಕಿಲೋಮೀಟರಿನಷ್ಟು ದೂರ ಸೇಂಟ್ ಥಾಮಸ್ ಮೌಂಟ್. ಎರಡೂ ಕಡೆ ತೋಪು ಹಾರಿಸುತ್ತಿದ್ದರು. ವೀಕ್ಷಕರು ಮಿಂಚು ಕಂಡ ಕ್ಷಣದಿಂದ ಸದ್ದು ಕೇಳುವವರೆಗೆ ಸೆಕೆಂಡು ಎಣಿಸುತ್ತಿದ್ದರು: ಕೋಟೆಯಿಂದ ಹನ್ನೆರಡರ ಹತ್ತಿರ, ಮೌಂಟ್‌ನಿಂದ ಇಪ್ಪತ್ತಾರರ ಹತ್ತಿರ. ಪ್ರತಿಸಲವೂ ತಾಪಮಾನ, ಗಾಳಿಯ ದಿಕ್ಕು, ತೇವ ಎಲ್ಲವನ್ನೂ ಬರೆದಿಟ್ಟರು. 1823ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾದದ್ದು ಮೇಲ್ನೋಟಕ್ಕೆ ಶಬ್ದದ ವೇಗದ ಲೆಕ್ಕ. ಬೇರೆ ಕಣ್ಣಿನಿಂದ ನೋಡಿದರೆ, ಸಂಕೇತವೊಂದು ಒಂದು ಜಾಗದಿಂದ ಇನ್ನೊಂದಕ್ಕೆ ಬರಲು ಹಿಡಿಯುವ ಹೊತ್ತು ಸ್ಥಿರವಲ್ಲ, ದಾರಿಯ ಸ್ಥಿತಿ ಅದನ್ನು ಬದಲಿಸುತ್ತದೆ ಎಂಬುದರ ದಾಖಲೆ.

ತಪ್ಪು ಅಂಕಿಯ ಕತೆ ಅಷ್ಟಕ್ಕೇ ಮುಗಿಯಲಿಲ್ಲ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಸೇಂಟ್ ಥಾಮಸ್ ಮೌಂಟ್ ಬಳಿ ಆಧಾರರೇಖೆ ಅಳೆದು, ತ್ರಿಕೋನಗಳ ಮೇಲೆ ತ್ರಿಕೋನ ಜೋಡಿಸುತ್ತ ಬೆಂಗಳೂರಿನತ್ತ ಬಂದು, 1804ರಲ್ಲಿ ಅಲ್ಲೂ ಒಂದು ಆಧಾರರೇಖೆ ಅಳೆದ. ತ್ರಿಕೋನ ಸರಪಳಿಯ ಲೆಕ್ಕಕ್ಕೂ ನೆಲದ ಅಳತೆಗೂ ಕೆಲವೇ ಅಂಗುಲಗಳ ಅಂತರ. ಊರಿಂದೂರಿಗೆ ಇರುವ ಅಂತರ ಇಷ್ಟು ನಿಖರವಾಗಿದ್ದರೂ, ಇಡೀ ಬಲೆಯನ್ನು ಭೂಗೋಲಕ್ಕೆ ಕಟ್ಟಿದ ಗೂಟ ಮಾತ್ರ ಮದರಾಸಿನ ರೇಖಾಂಶ. ನಡುವೆ ಅದನ್ನು ಸ್ವಲ್ಪ ತಿದ್ದಿದರು, ಆದರೂ ಪೂರ್ತಿ ಸರಿಹೋಗಲಿಲ್ಲ. ಪರಿಣಾಮವಾಗಿ ಸರ್ವೆ ಆಫ್ ಇಂಡಿಯಾದ ಹಳೆಯ ನಕ್ಷೆಗಳಲ್ಲಿ ಬೆಂಗಳೂರು, ಬಳ್ಳಾರಿ, ಬೀದರ್ ಎಲ್ಲವೂ ಇರಬೇಕಾದ ಜಾಗಕ್ಕಿಂತ ಸುಮಾರು ಎರಡೂವರೆ ಕೋನನಿಮಿಷ ಪೂರ್ವಕ್ಕೆ ಸರಿದು ಕೂತಿದ್ದವು. ಎಲ್ಲವೂ ಒಟ್ಟಿಗೆ ಸರಿದಿದ್ದರಿಂದ ಒಳಗಿನವರಿಗೆ ತಪ್ಪು ಗೊತ್ತಾಗುವ ದಾರಿಯೇ ಇರಲಿಲ್ಲ. ಎಲ್ಲ ಯಂತ್ರಗಳೂ ಒಂದೇ ತಪ್ಪು ಸರ್ವರನ್ನು ನಂಬಿದಾಗ ಆಗುವುದು ಇದೇ.

ಈ ಮಧ್ಯೆ ಮದರಾಸಿನ ಗಡಿಯಾರಕ್ಕೆ ತಂತಿ ಸೇರಿತು. ಟೆಲಿಗ್ರಾಫ್ ಮತ್ತು ರೈಲು ಎರಡೂ 1850ರ ದಶಕದಲ್ಲಿ ಬಂದವು. ಅಲ್ಲಿಯವರೆಗೆ ಪ್ರತಿ ಊರಿಗೂ ತನ್ನದೇ ಸೂರ್ಯ. ಮದರಾಸಿಗೂ ಬೆಂಗಳೂರಿಗೂ 10 ನಿಮಿಷ 40 ಸೆಕೆಂಡಿನ ವ್ಯತ್ಯಾಸ. ಮಂಗಳೂರಿಗೆ 21 ನಿಮಿಷಕ್ಕೂ ಮೀರಿ, ಹಳೆಯ ಲೆಕ್ಕದಲ್ಲಿ ಒಂದು ಘಳಿಗೆಗೆ ತುಸು ಕಡಿಮೆ. ಎತ್ತಿನ ಗಾಡಿಯಲ್ಲಿ ಹೋಗುವವನಿಗೆ ಇದು ತಿಳಿಯುವುದೇ ಇಲ್ಲ. ಒಂಟಿ ಹಳಿಯ ಮೇಲೆ ಎದುರುಬದುರು ಓಡುವ ಎರಡು ರೈಲುಗಳಿಗೆ ಅದು ಪ್ರಾಣದ ಪ್ರಶ್ನೆ. 1864ರಲ್ಲಿ ಬೆಂಗಳೂರು ಕಂಟೋನ್ಮೆಂಟ್‌ಗೂ ಜೋಲಾರಪೇಟೆಗೂ ರೈಲು ಓಡತೊಡಗಿತು. ಅದು ಯಾವ ಊರಿನ ಗಂಟೆಗೆ ಹೊರಡಬೇಕು?

1870ರ ಹೊತ್ತಿಗೆ ರೈಲ್ವೆಗಳು ಮದರಾಸು ಸಮಯಕ್ಕೆ ಒಪ್ಪಿಕೊಂಡವು. ಕಾರಣ ಮದರಾಸಿನ ಗಡಿಯಾರ ಸರಿ ಎಂಬುದಲ್ಲ. ಅಲ್ಲಿ ನಕ್ಷತ್ರ ನೋಡಿ ಗಡಿಯಾರ ತಿದ್ದುವವರಿದ್ದರು, ತಿದ್ದಿದ ಸಮಯವನ್ನು ತಂತಿಯ ಮೇಲೆ ದೇಶಕ್ಕೆಲ್ಲ ಕಳುಹಿಸುವ ಏರ್ಪಾಡಿತ್ತು. ಇನ್ನೊಂದು ಅನುಕೂಲ ಭೂಗೋಳದ್ದು. ಮುಂಬಯಿ ಗ್ರೀನ್‌ವಿಚ್‌ಗಿಂತ 4 ಗಂಟೆ 51 ನಿಮಿಷ ಮುಂದೆ, ಕಲಕತ್ತೆ 5 ಗಂಟೆ 53 ನಿಮಿಷ. ಎರಡರ ಸರಾಸರಿ 5 ಗಂಟೆ 22 ನಿಮಿಷ. ಮದರಾಸಿನದು 5 ಗಂಟೆ 21! ಜಗಳವಾಡುವ ಇಬ್ಬರು ದಾಯಾದಿಗಳ ನಡುವೆ ಮೂರನೆಯವನ ಮನೆಯಲ್ಲಿ ಪಂಚಾಯಿತಿ ಮಾಡಿದ ಹಾಗೆ.

ಆ ವೀಕ್ಷಣಾಲಯದಲ್ಲಿ ‘ಕಂಪ್ಯೂಟರ್’ ಕೂಡ ಇತ್ತು, ಇದ್ದಳು ಎನ್ನಬೇಕು. ನಾರ್ಮನ್ ಪಾಗ್ಸನ್ 1861ರಿಂದ ಮೂವತ್ತು ವರ್ಷ ಅಲ್ಲಿನ ಮುಖ್ಯಸ್ಥ. ಅವನ ಮಗಳು ಐಸಿಸ್ ಪಾಗ್ಸನ್‌ಳನ್ನು 1873ರಲ್ಲಿ ತಿಂಗಳಿಗೆ 150 ರೂಪಾಯಿ ಸಂಬಳದ ಮೇಲೆ ಕಂಪ್ಯೂಟರ್ ಹುದ್ದೆಗೆ ನೇಮಿಸಿದರು. ಲೆಕ್ಕ ಮಾಡುವ ಮನುಷ್ಯರಿಗೆ ಆಗ ಇದ್ದ ಹೆಸರು ಅದು. ಅಲ್ಲೇ ದುಡಿದ ಚಿಂತಾಮಣಿ ರಘುನಾಥಾಚಾರಿ 1867ರಲ್ಲಿ ಹೊಳಪು ಬದಲಿಸುವ ತಾರೆಯೊಂದನ್ನು ಗುರುತಿಸಿದವರು. ದೇಶದ ಗಂಟೆಯ ಹಿಂದೆ ಇಂಥವರ ರಾತ್ರಿಗಳಿದ್ದವು.

ಮದರಾಸಿನ ಸಮಯವನ್ನು ಮುಂಬಯಿ ಒಪ್ಪಲಿಲ್ಲ. 1881ರಲ್ಲಿ ಗವರ್ನರ್ ಜೇಮ್ಸ್ ಫರ್ಗುಸನ್ ಊರಿಗೆಲ್ಲ ಮದರಾಸು ಸಮಯ ಹೇರಲು ಹೋಗಿ ಕೈ ಸುಟ್ಟುಕೊಂಡ. ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರದ ಗಡಿಯಾರ ಯಾವ ಸಮಯ ತೋರಿಸಬೇಕು ಎಂಬುದು ಸೆನೆಟ್‌ನಲ್ಲಿ ಮತಕ್ಕೆ ಬಿದ್ದು, ಮುಂಬಯಿ ಸಮಯ ಗೆದ್ದಿತು. ಇದನ್ನು ಬರಿಯ ಹಠ ಎಂದು ನಗುವವರಿದ್ದಾರೆ, ಅದು ಸರಿಯಲ್ಲ. ಮದರಾಸು ಸಮಯಕ್ಕೆ ಬದಲಾದರೆ ಮುಂಬಯಿಯ ಗಡಿಯಾರಗಳು ಅರ್ಧ ಗಂಟೆ ಮುಂದೋಡುತ್ತವೆ; ಗಿರಣಿಯ ಕೂಲಿಯವನು ಕತ್ತಲಲ್ಲೇ ಅರ್ಧ ಗಂಟೆ ಮುಂಚೆ ಏಳಬೇಕು. ರೈಲಿಗೆ ಅನುಕೂಲವಾದ ಸಮಯ ಅವನಿಗೇಕೆ ಅನುಕೂಲವಾಗಬೇಕು?

1890ರ ದಶಕದಲ್ಲಿ ಸರ್ವೆಯವರು ತಂತಿಯ ಮೂಲಕ ಗ್ರೀನ್‌ವಿಚ್‌ನಿಂದ ಕರಾಚಿಗೆ, ಅಲ್ಲಿಂದ ಮದರಾಸಿಗೆ ಸಮಯ ಹೋಲಿಸಿ ಹಳೆಯ ತಪ್ಪನ್ನು ಕೊನೆಗೂ ಅಳೆದರು. ಅವರ ವಿಧಾನದ ಒಂದು ಅಂಶ ಇಲ್ಲಿ ಮುಖ್ಯ. ತಂತಿಯಲ್ಲಿ ಸಂಕೇತ ಹೋಗುವುದಕ್ಕೂ ಹೊತ್ತು ಹಿಡಿಯುತ್ತದೆ, ಆ ಹೊತ್ತು ಎಷ್ಟೆಂದು ಗೊತ್ತಿಲ್ಲ. ಅದಕ್ಕೆ ಸಂಕೇತವನ್ನು ಪೂರ್ವದಿಂದ ಪಶ್ಚಿಮಕ್ಕೆ ಒಮ್ಮೆ, ಪಶ್ಚಿಮದಿಂದ ಪೂರ್ವಕ್ಕೆ ಒಮ್ಮೆ ಕಳುಹಿಸಿ ಸರಾಸರಿ ತೆಗೆಯುತ್ತಿದ್ದರು. ಹೋಗುವ ಹೊತ್ತು ಒಂದರಲ್ಲಿ ಕೂಡುತ್ತದೆ, ಇನ್ನೊಂದರಲ್ಲಿ ಕಳೆಯುತ್ತದೆ, ಸರಾಸರಿಯಲ್ಲಿ ಮಾಯವಾಗುತ್ತದೆ.

1905ರಲ್ಲಿ ರೈಲು ಮತ್ತು ತಂತಿ ಇಲಾಖೆಗಳು ಮದರಾಸು ಸಮಯವನ್ನು ಸುಮಾರು ಒಂಬತ್ತು ನಿಮಿಷ ಮುಂದೆ ತಳ್ಳಿದವು. 1906ರ ಜನವರಿ 1ರಿಂದ ಗ್ರೀನ್‌ವಿಚ್‌ಗಿಂತ ಐದೂವರೆ ಗಂಟೆ ಮುಂದಿರುವ ಭಾರತೀಯ ಪ್ರಮಾಣ ಸಮಯ ಜಾರಿಗೆ ಬಂತು. ಎಗ್ಮೋರಿನ ಕೆಂಪು ರೈಲು ನಿಲ್ದಾಣ ತೆರೆದದ್ದು 1908ರ ಜೂನ್‌ನಲ್ಲಿ. ಮದರಾಸು ಸಮಯದ ತವರಿಗೆ ದೊಡ್ಡ ನಿಲ್ದಾಣ ಬರುವ ಹೊತ್ತಿಗೆ ಮದರಾಸು ಸಮಯವೇ ನಿವೃತ್ತವಾಗಿತ್ತು. ಮುಂಬಯಿ ಮಾತ್ರ ತನ್ನ ಗಂಟೆಯನ್ನು 1950ರ ದಶಕದವರೆಗೂ ಪೂರ್ತಿ ಬಿಟ್ಟುಕೊಡಲಿಲ್ಲ.

ಮತ್ತೆ ಕಂಪ್ಯೂಟರಿಗೆ. ನುಂಗಂಬಾಕ್ಕಂನ ಟಾಪಿಂಗ್ 1794ರಲ್ಲಿ ಎಂಟು ಹುಡುಗರೊಂದಿಗೆ ಒಂದು ಸರ್ವೆ ಶಾಲೆ ಶುರುಮಾಡಿದ್ದ. ಅದೇ ಬೆಳೆದು ಗಿಂಡಿ ಎಂಜಿನಿಯರಿಂಗ್ ಕಾಲೇಜಾಯಿತು. ಅಲ್ಲಿ ಓದಿದ ಆರ್. ನರಸಿಂಹನ್ ಟಿ.ಐ.ಎಫ್.ಆರ್.ನಲ್ಲಿ ದೇಶದ ಆರಂಭದ ಕಂಪ್ಯೂಟರುಗಳಲ್ಲಿ ಒಂದಾದ ಟಿಫ್ರಾಕ್ ಕಟ್ಟಿದ ತಂಡವನ್ನು ನಡೆಸಿದರು. ಅಲ್ಲಿ ಬೆಳೆದ ತಂತ್ರಾಂಶ ಕೇಂದ್ರದಿಂದ ಎನ್.ಸಿ.ಎಸ್.ಟಿ. ಹುಟ್ಟಿತು. ಅದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮದರಾಸು ಸೇರಿ ಐದು ಐ.ಐ.ಟಿ.ಗಳು ಮತ್ತು ದಿಲ್ಲಿಯ ಎಲೆಕ್ಟ್ರಾನಿಕ್ಸ್ ಇಲಾಖೆ, ಹೀಗೆ ಎಂಟು ಕಡೆಯವರು 1986ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಅರ್ನೆಟ್ ಎಂಬ ಶೈಕ್ಷಣಿಕ ಜಾಲ ಆರಂಭಿಸಿದರು. ಪೆಟ್ರಿಯಿಂದ ಅರ್ನೆಟ್‌ಗೆ ಗುರುಪರಂಪರೆ ಎಳೆಯುವುದು ಅತಿಯಾದೀತು. ಆದರೆ ಮದರಾಸು ಮತ್ತು ಬೆಂಗಳೂರಿನ ನಡುವೆ, ಈ ಸಲ ಯಂತ್ರಗಳ ಮಟ್ಟದಲ್ಲಿ, ಯಾರ ಗಂಟೆ ಎಂಬ ಪ್ರಶ್ನೆ ಮತ್ತೆ ಎದ್ದಿತು.

ಆ ಹೊತ್ತಿಗೆ ಉತ್ತರಗಳು ಬಂದಿದ್ದವು, ಒಂದಕ್ಕೊಂದು ಹೊಂದದ ಉತ್ತರಗಳು. 1978ರಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಎಂಬ ಗಣಿತಜ್ಞ, ನಿಮಗೆ ಸಮಯ ಬೇಕಾಗಿಲ್ಲ, ಕ್ರಮ ಬೇಕಾಗಿದೆ ಎಂದು ವಾದಿಸಿದ. ಪತ್ರ ಬರೆದದ್ದು ಪತ್ರ ತಲುಪುವುದಕ್ಕಿಂತ ಮುಂಚೆ. ಇಷ್ಟು ಗೊತ್ತಿದ್ದರೆ ಪ್ರತಿ ಘಟನೆಗೂ ಒಂದು ಸಂಖ್ಯೆ ಕೊಡುತ್ತ ಹೋಗಬಹುದು, ಗೋಡೆಯ ಗಡಿಯಾರದ ಹಂಗು ಬೇಡ. ಒಂಟಿ ಹಳಿಯ ರೈಲುಗಳಿಗೂ ಕೊನೆಗೆ ಬೇಕಾದದ್ದು ಇದೇ: ಯಾವುದು ಮೊದಲು ಹೋಗಬೇಕು ಎಂಬ ನಿಶ್ಚಯ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಗುಸೆಲ್ಲಾ ಮತ್ತು ಜಟ್ಟಿ ಬೇರೆ ದಾರಿ ಹಿಡಿದರು. ಯಾರ ಗಡಿಯಾರವೂ ಸರಿಯಲ್ಲ ಎಂದಿಟ್ಟುಕೊಳ್ಳಿ. ಒಂದು ಯಂತ್ರ ಎಲ್ಲರನ್ನೂ ಕೇಳಿ, ತೀರಾ ದಾರಿ ತಪ್ಪಿದವರನ್ನು ಬಿಟ್ಟು, ಉಳಿದವರ ಸರಾಸರಿ ತೆಗೆದು, ನೀನಿಷ್ಟು ಹಿಂದೆ ಸರಿ, ನೀನಿಷ್ಟು ಮುಂದೆ ಬಾ ಎಂದು ಹೇಳಲಿ. ಮುಂಬಯಿ–ಕಲಕತ್ತೆ ಜಗಳಕ್ಕೆ ಮದರಾಸು ಉತ್ತರವಾದದ್ದು ಹೆಚ್ಚುಕಡಿಮೆ ಹೀಗೆಯೇ. ಒಂದು ಪ್ರಯೋಗಾಲಯದೊಳಗೆ ಇದು ಚೆನ್ನಾಗಿ ನಡೆಯುತ್ತದೆ. ಹೊರಜಗತ್ತಿಗೆ ಜೋಡಿಸಿದ ದಿನ, ನಿಮ್ಮ ಸರಾಸರಿ ಬಂಗಾಳ ಕೊಲ್ಲಿಯಲ್ಲಿದೆ ಎಂದು ಗೊತ್ತಾಗುತ್ತದೆ.

ಲೋಕ ಒಪ್ಪಿಕೊಂಡದ್ದು ಡೇವಿಡ್ ಮಿಲ್ಸ್‌ನ ವಿಧಾನವನ್ನು. ಹುಟ್ಟಿನಿಂದಲೇ ದೃಷ್ಟಿದೋಷವಿದ್ದ ಮಿಲ್ಸ್ 1985ರಲ್ಲಿ ನೆಟ್‌ವರ್ಕ್ ಟೈಮ್ ಪ್ರೋಟೋಕಾಲ್ ಪ್ರಕಟಿಸಿ, ಮುಂದಿನ ವರ್ಷದಿಂದ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಅದನ್ನು ದಶಕಗಳ ಕಾಲ ತಿದ್ದಿ ತೀಡಿದ. 2024ರ ಜನವರಿಯಲ್ಲಿ ತೀರಿಕೊಂಡ. ಅವನ ಏರ್ಪಾಡಿನಲ್ಲಿ ಹಂತಗಳಿವೆ. ಪರಮಾಣು ಗಡಿಯಾರಕ್ಕೆ ನೇರ ಜೋಡಿಸಿದ ಸರ್ವರ್ ಮೊದಲ ಹಂತ, ಅದನ್ನು ಕೇಳುವುದು ಎರಡನೆಯದು, ಹೀಗೆ ಕೆಳಗೆ. ವೀಕ್ಷಣಾಲಯ, ತಂತಿ ಕಚೇರಿ, ರೈಲು ನಿಲ್ದಾಣ, ನಿಲ್ದಾಣದ ಗಡಿಯಾರ ನೋಡಿ ಕೈಗಡಿಯಾರ ತಿದ್ದಿಕೊಳ್ಳುವ ಶಾನುಭೋಗ: ಅದೇ ಏಣಿ.

ಅದರ ತಿರುಳಿನ ಲೆಕ್ಕವೂ ಹಳೆಯದೇ. ನಿಮ್ಮ ಯಂತ್ರ ತನ್ನ ಗಡಿಯಾರದಲ್ಲಿ ಸರಿಯಾಗಿ ಹತ್ತು ಗಂಟೆಗೆ ಪ್ರಶ್ನೆ ಕಳುಹಿಸಿತು ಎನ್ನಿ. ಸರ್ವರಿನ ಗಡಿಯಾರದಲ್ಲಿ ಅದು ತಲುಪಿದ್ದು ಹತ್ತು ಗಂಟೆ 7 ಸೆಕೆಂಡಿಗೆ, ಉತ್ತರ ಹೊರಟದ್ದು 8ನೇ ಸೆಕೆಂಡಿಗೆ. ಉತ್ತರ ನಿಮಗೆ ಬಂದಾಗ ನಿಮ್ಮ ಗಡಿಯಾರ ಹತ್ತು ಗಂಟೆ 5 ಸೆಕೆಂಡು ತೋರಿಸುತ್ತಿದೆ. ಹೋಗುವಾಗ ಕಂಡ ವ್ಯತ್ಯಾಸ 7, ಬರುವಾಗ ಕಂಡದ್ದು 3. ಸರಾಸರಿ 5. ಅಂದರೆ ನೀವು 5 ಸೆಕೆಂಡು ಹಿಂದಿದ್ದೀರಿ, ದಾರಿಗೆ ಹಿಡಿದದ್ದು ಒಂದೊಂದು ಕಡೆ 2 ಸೆಕೆಂಡು. ಕರಾಚಿಯ ತಂತಿ ಕೋಣೆಯಲ್ಲಿ ಕೂತವರು ಇದನ್ನು ನೋಡಿದ್ದರೆ ಹೊಸತೇನಿದೆ ಎನ್ನುತ್ತಿದ್ದರು.

ಹೊಸತು ಇಲ್ಲವೇ ಇಲ್ಲ ಎಂದಲ್ಲ. ಹಲವು ಸರ್ವರುಗಳನ್ನು ಕೇಳಿ ಸುಳ್ಳು ಹೇಳುವವರನ್ನು ಬಹುಮತದಿಂದ ಹೊರಹಾಕುವ ಉಪಾಯ ಹೊಸತು. ಅದರ ಬೀಜ ಕೀತ್ ಮಾರ್ಜುಲ್ಲೊ 1984ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬರೆದ ಪಿಎಚ್‌.ಡಿ. ಪ್ರಬಂಧದಲ್ಲಿದೆ. ಒಂದೇ ವೀಕ್ಷಣಾಲಯವನ್ನು ನಂಬಿದ್ದ ಮದರಾಸಿಗೆ ಈ ಸೌಕರ್ಯ ಇರಲಿಲ್ಲ. ಆದರೆ ಎರಡೂ ಕಾಲಕ್ಕೂ ಸಮಾನವಾದ ಒಂದು ಕುರುಡು ಉಳಿದೇ ಇದೆ. ಲೆಕ್ಕ ನಡೆಯುವುದು ಹೋಗುವ ದಾರಿ, ಬರುವ ದಾರಿ ಎರಡಕ್ಕೂ ಒಂದೇ ಹೊತ್ತು ಹಿಡಿಯುತ್ತದೆ ಎಂಬ ನಂಬಿಕೆಯ ಮೇಲೆ. ಮೇಲಿನ ಉದಾಹರಣೆಯಲ್ಲಿ ನಾಲ್ಕು ಸೆಕೆಂಡೂ ಹೋಗುವಾಗಲೇ ಕಳೆದು, ಉತ್ತರ ತಕ್ಷಣ ಬಂದಿದ್ದರೆ, ನೀವು ನಿಜಕ್ಕೂ ಹಿಂದಿದ್ದದ್ದು 3 ಸೆಕೆಂಡು ಮಾತ್ರ. ಅಂಕಿಗಳು ಒಂದೂ ಬದಲಾಗುವುದಿಲ್ಲ, ಆದ್ದರಿಂದ ಯಂತ್ರಕ್ಕೆ ಸುಳಿವೇ ಸಿಗುವುದಿಲ್ಲ. ಪ್ರಶ್ನೆ ಉಪಗ್ರಹದ ಮೂಲಕ ಹೋಗಿ ಉತ್ತರ ನೆಲದ ಕೇಬಲ್‌ನಲ್ಲಿ ಬಂದರೆ ಹೀಗಾಗುತ್ತದೆ. ಗೋಲ್ಡಿಂಗ್‌ಹ್ಯಾಮ್ ತೋಪಿನ ಸದ್ದಿನ ಜೊತೆ ಗಾಳಿಯ ದಿಕ್ಕನ್ನು ಬರೆದಿಟ್ಟದ್ದು ಸುಮ್ಮನೆ ಅಲ್ಲ.

ಈಗ ಇದು ವಿದ್ಯಾರ್ಥಿಯ ಪ್ರೋಗ್ರಾಮಿನ ಮಾತಲ್ಲ. ಹಣ ಯಾರಿಗೆ ಮೊದಲು ಸಂದಿತು, ಷೇರು ಯಾರು ಮೊದಲು ಕೊಂಡರು, ಸರ್ವರಿಗೆ ಕಳ್ಳ ಯಾವಾಗ ನುಗ್ಗಿದ ಎಂಬುದಕ್ಕೆಲ್ಲ ಸಾಕ್ಷಿ ಯಂತ್ರದ ಮೇಲಿನ ಸಮಯದ ಮುದ್ರೆಯೇ. 2022ರ ಏಪ್ರಿಲ್‌ನಲ್ಲಿ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ, ದೇಶದ ಕಂಪನಿಗಳು, ದತ್ತಾಂಶ ಕೇಂದ್ರಗಳು ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಅಥವಾ ಎನ್.ಐ.ಸಿ.ಯ ಗಡಿಯಾರಕ್ಕೆ, ಇಲ್ಲವೇ ಅವಕ್ಕೆ ಹೊಂದಿಕೊಂಡ ಸರ್ವರಿಗೆ ಜೋಡಿಸಿಕೊಳ್ಳಬೇಕೆಂದು ಆದೇಶಿಸಿತು. 2025ರ ಜನವರಿಯಲ್ಲಿ, ವ್ಯವಹಾರಕ್ಕೂ ಆಡಳಿತಕ್ಕೂ ಭಾರತೀಯ ಪ್ರಮಾಣ ಸಮಯವನ್ನೇ ಬಳಸಬೇಕೆನ್ನುವ ಕರಡು ನಿಯಮಗಳು ಹೊರಬಿದ್ದವು. ಫರ್ಗುಸನ್‌ಗೆ ಸಾಧ್ಯವಾಗದ್ದನ್ನು ಈ ಸಲ ಮಾಡುವುದು ಸುಲಭವಿರಬಹುದು, ಯಂತ್ರಗಳು ಕತ್ತಲಲ್ಲಿ ಏಳಲು ತಕರಾರು ಮಾಡುವುದಿಲ್ಲ.

ಪೆಟ್ರಿಯ ಎಗ್ಮೋರ್ ವೀಕ್ಷಣಾಲಯದಿಂದ ತನ್ನ ಇತಿಹಾಸ ಎಣಿಸುವ ಭಾರತೀಯ ಖಭೌತ ಸಂಸ್ಥೆ ಈಗ ಬೆಂಗಳೂರಿನ ಕೋರಮಂಗಲದಲ್ಲಿದೆ. ಶೆಲ್ಟನ್‌ನ ಗಡಿಯಾರ ಆ ಸಂಸ್ಥೆಯ ಕೊಡೈಕನಾಲ್ ವೀಕ್ಷಣಾಲಯದಲ್ಲಿದೆ. ದಿಲ್ಲಿಯ ಸಮಯವನ್ನು ಹಂಚಲು ಆರಿಸಿದ ಐದು ಪ್ರಾದೇಶಿಕ ಪ್ರಯೋಗಾಲಯಗಳಲ್ಲಿ ಬೆಂಗಳೂರಿನದೂ ಒಂದು. ದಿಲ್ಲಿಯಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೂ ಸಾವಿರದ ಏಳುನೂರು ಕಿಲೋಮೀಟರ್. ಗಾಜಿನ ಎಳೆಯೊಳಗೆ ಓಡುವ ಬೆಳಕಿಗೆ ಅಷ್ಟು ದೂರಕ್ಕೆ ಎಂಟು ಮಿಲಿಸೆಕೆಂಡಿಗೂ ಹೆಚ್ಚು ಬೇಕು. ಹೋಗುವಾಗ ಎಷ್ಟು, ಬರುವಾಗ ಎಷ್ಟು ಎಂದು ಎರಡನ್ನೂ ಬೇರೆ ಬೇರೆಯಾಗಿ ಅಳೆಯಬೇಕು.